ಕಟ್ಯಾರಕ್ಕೆ ನೀಲಿ ಹಿಡಿಸಿದ ಕಾಕಾ

ಸೋಲಾಪುರದ ನಮ್ಮ ಗಲ್ಲಿಗೆ ಬಂದು ಶಾಂತಲಿಂಗಪ್ಪನವರ ಮನೆ ಯಾವುದು ಅಂತ ಕೇಳಿದರೆ ಯಾರೂ ತಟ್ಟನೆ ಹೇಳುವುದಿಲ್ಲ. "ಕಟ್ಯಾರ ಕಾಕಾ" ಅನ್ನಬೇಕು, ಆಗ ಸೈಕಲ್ ಮೇಲೆ ಹೋಗುವವರೂ ನಿಂತು ತೋರಿಸುತ್ತಾರೆ. ಕಾಕಾಗೆ ಮಾರ್ಕೆಟ್ ಯಾರ್ಡಿನ ಹತ್ತಿರ ಹಗ್ಗ, ಗೋಣಿಚೀಲ, ತಾಡಪತ್ರಿಯ ಅಂಗಡಿ ಇದೆ. ವಯಸ್ಸು ಐವತ್ತಾರು. ಕಬ್ಬಿಣಕ್ಕೂ ಅವರಿಗೂ ಇರುವ ಸಂಬಂಧ ಅಂದರೆ ಅಂಗಡಿಯ ಶಟರ್ ಎತ್ತುವುದು, ಇಳಿಸುವುದು, ಅಷ್ಟೇ. ಆದರೂ ಈ ಸಲ ಅವರು ಇಪ್ಪತ್ತು ದಿನ ಒಂದು ಕಬ್ಬಿಣದ ಅಲಗಿನ ಜೊತೆ ಹೋರಾಡಿದ್ದನ್ನು ನೋಡಿದ ಮೇಲೆ ಇದನ್ನು ಬರೆಯದೆ ಇರಲು ಆಗಲಿಲ್ಲ.

ಕಟ್ಯಾರ ಅಂದರೆ ಮದುವೆಯಲ್ಲಿ ಗಂಡಿನ, ನಮ್ಮ ಕಡೆಯ ಮಾತಿನಲ್ಲಿ ನವರಾನ, ಕೈಯಲ್ಲಿರುವ ಚಿಕ್ಕ ಕತ್ತಿ. ನಮ್ಮ ಕಡೆ ಅರಿಶಿನ ಹಚ್ಚಿದ ದಿನದಿಂದ ಅಕ್ಷತೆ ಬೀಳುವವರೆಗೆ ಗಂಡು ಅದನ್ನು ಕೈಯಿಂದ ಬಿಡಬಾರದು. ತುದಿಗೆ ಒಂದು ನಿಂಬೆಹಣ್ಣು ಚುಚ್ಚಿರುತ್ತಾರೆ, ದೃಷ್ಟಿಯಾಗಬಾರದು ಅಂತ. ಕಾಕಾನ ಮನೆಯ ಕಟ್ಯಾರ ಅವರ ಅಜ್ಜನ ಕಾಲದ್ದು. ಒಂದು ಗೇಣು ಅಲಗು, ಹಿತ್ತಾಳೆಯ ಹಿಡಿ, ಹಿಡಿಯ ಮೇಲೆ ಮೂಗು ಸವೆದು ಹೋದ ಒಂದು ಗಿಣಿ. ಗಲ್ಲಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅದೇ ಕಟ್ಯಾರ ಹೋಗುತ್ತಿತ್ತು. ಕಾಕಾ ತಾವೇ ಬಿಳಿ ಬಟ್ಟೆಯಲ್ಲಿ ಸುತ್ತಿ ಒಯ್ದು ಕೊಡುತ್ತಿದ್ದರು. ಕೊಡುವಾಗ ನೆಲಕ್ಕೆ ಇಡಬೇಡಿ, ಯಾರ ಕಡೆಗೂ ತುದಿ ಮಾಡಬೇಡಿ, ಹುಡುಗರ ಕೈಗೆ ಸಿಗಬಾರದು ಅಂತ ಪ್ರತಿ ಸಲವೂ ಅದೇ ಭಾಷಣ. ಜನ ನಗುತ್ತಿದ್ದರು, ಆದರೆ ಕೇಳುತ್ತಿದ್ದರು.

ಎರಡು ವರ್ಷದ ಹಿಂದೆ ಆ ಗೌರವಕ್ಕೆ ಪೆಟ್ಟು ಬಿತ್ತು. ಮೂಲೆಮನೆಯ ಆಕಾಶನ ಮದುವೆಯಲ್ಲಿ ಅವನ ಬಿಳಿ ಶೇರವಾನಿಯ ಸೊಂಟದ ಮೇಲೆ ಕಂದು ಬಣ್ಣದ ಗೆರೆಯೊಂದು ಬಂತು. ಕಟ್ಯಾರದ ಜಂಗು, ಅಂದರೆ ತುಕ್ಕು. ಫೋಟೋ ಆಲ್ಬಮ್ಮಿನಲ್ಲಿ ಇಂದಿಗೂ ಇದೆ, ಪುಟ ಪುಟದಲ್ಲೂ. ಆಮೇಲೆ ಯಾರೂ ಕಟ್ಯಾರ ಕೇಳಲು ಬರಲಿಲ್ಲ. ಬೇಕಾಗಿಯೂ ಇರಲಿಲ್ಲ. ಈಗ ಶೇರವಾನಿ ಬಾಡಿಗೆಗೆ ತಂದರೆ ಪೇಟಾ, ಮೋಜಡಿ, ಮುತ್ತಿನ ಹಾರದ ಜೊತೆಗೆ ಬಂಗಾರದ ಬಣ್ಣದ ಒಂದು ತಲವಾರವೂ ಬರುತ್ತದೆ. ತಗಡಿನದು. ಬೀಸಿದರೆ ಬಳುಕುತ್ತದೆ. ಅದಕ್ಕೆ ಜಂಗು ಹಿಡಿಯುವುದಿಲ್ಲ, ಯಾಕಂದರೆ ಹಿಡಿಯಲು ಒಳಗೆ ಏನೂ ಇಲ್ಲ.

ಹೀಗಿರುವಾಗ ಅಕ್ಕಲಕೋಟದಿಂದ ಸೋಮೇಶನ ಫೋನ್ ಬಂತು. ಸೋಮೇಶ ಕಾಕಾನ ತಂಗಿ ತುಳಜಾಬಾಯಿಯ ಒಬ್ಬನೇ ಮಗ, ಅಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಮದುವೆಗೆ ಇಪ್ಪತ್ತು ದಿನ ಇತ್ತು.

"ಮಾಮಾ, ಸಿಟ್ಟಾಗಬ್ಯಾಡ್ರಿ. ಶೇರವಾನಿ ಕ್ರೀಮ್ ಕಲರ್ ತಗೊಂಡೀನಿ."

"ತಗೋ. ನವರಾ ನೀ ಇದ್ದಿ, ನಾ ಯಾಕ ಸಿಟ್ಟಾಗ್ಲಿ."

"ಹಂಗಲ್ರಿ. ಕಟ್ಯಾರದ್ದು ಹೇಳಾಕತ್ತೀನಿ. ಆಕಾಶಂದು ನೋಡೀನಲ್ಲ ನಾನು. ಜಂಗ ಇಲ್ದಂಗ ಮಾಡಿ ತಂದ್ರಿ ಅಂದ್ರ ಹಿಡೀತೀನಿ. ಇಲ್ಲಂದ್ರ ಸೆಟ್ ಜೋಡಿ ತಲವಾರ ಕೊಡಾಕತ್ತಾರ, ಅದನ್ನ ಹಿಡೀತೀನಿ. ಆಮ್ಯಾಲೆ ನನಗ ಅನ್ನಬ್ಯಾಡ್ರಿ."

ಅವರ ಮನೆತನದ ಪದ್ಧತಿ ಪ್ರಕಾರ ಗಂಡಿನ ಕೈಗೆ ಕಟ್ಯಾರ ಕೊಡಬೇಕಾದವನು ಸೋದರಮಾವ. ಕಾಕಾಗೆ ಇರುವವಳು ಒಬ್ಬಳೇ ತಂಗಿ, ಆ ತಂಗಿಗೆ ಒಬ್ಬನೇ ಮಗ. ಅಂದರೆ ಕಾಕಾ ಮಾಮಾ ಆಗಿ ಕಟ್ಯಾರ ಕೊಡುವ ಮದುವೆ ಜೀವನದಲ್ಲಿ ಇದೊಂದೇ. ಫೋನ್ ಇಟ್ಟ ಮೇಲೆ ಅವರು ಕಪಾಟಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದರು. ಅಲಗು ನೋಡಿದರೆ ಒಣಗಿದ ಬೆಲ್ಲದ ಬಣ್ಣ.

ಅವತ್ತೇ ಶುರು. ಮೊದಲು ಹುಣಸೆಹಣ್ಣು, ಬೂದಿ. ಅಲಗು ಅರ್ಧ ಬೆಳ್ಳಗಾಯಿತು, ಅರ್ಧ ಹಾಗೇ ಉಳಿಯಿತು. ಮರುದಿನ ಪಾಲಿಶ್ ಪೇಪರ್ ತಂದರು. ಹಾರ್ಡ್‌ವೇರ್ ಅಂಗಡಿಯವನು ಏನೂ ಕೇಳದೆ ಕಟ್ಟಿಗೆಗೆ ತಿಕ್ಕುವ ಪೇಪರ್ ಕೊಟ್ಟಿದ್ದ, ಕಾಕಾನೂ ಏನೂ ಕೇಳದೆ ಒಂದು ತಾಸು ತಿಕ್ಕಿದರು, ಅದೂ ಅಡ್ಡಡ್ಡ. ಜಂಗು ಹೋಯಿತು, ಆದರೆ ಅಲಗಿನ ತುಂಬಾ ಬೆಕ್ಕು ಪರಚಿದಂಥ ಗೀರು. ಮಗಳು ಸ್ನೇಹಲ ಕಾಲೇಜಿನಿಂದ ಬಂದು ನೋಡಿದಳು. ಫಾರ್ಮಸಿ ಓದುವವಳು.

"ಪಪ್ಪಾ, ಉದ್ದಕ್ಕ ತಿಕ್ಕಬೇಕ್ರಿ. ಮತ್ತ ಇದು ಕಟಗಿದು. ವಾಟರ್ ಪೇಪರ್ ತರ್ರಿ, ನಂಬರ್ ನೋಡಿ. ಮೊದ್ಲ ನೂರಾ ಇಪ್ಪತ್ತ, ಆಮ್ಯಾಲೆ ಎರಡನೂರಾ ಇಪ್ಪತ್ತ, ನಾಕನೂರು, ಆರನೂರು, ಸಾವಿರ."

"ಇಷ್ಟ ನಂಬರ್ ಯಾಕ? ಇದೇನ ಎಲ್‌ಐಸಿ ಪಾಲಿಸಿ ಏನ?"

ಆದರೂ ತಂದರು. ವಾಟರ್ ಪೇಪರ್ ಅಂದ ಮೇಲೆ ನೀರು ಬೇಕು. ನಮ್ಮ ಗಲ್ಲಿಗೆ ನಳದ ನೀರು ನಾಲ್ಕು ದಿನಕ್ಕೊಮ್ಮೆ. ಕಾಕಾ ಅಂಗಳದಲ್ಲಿ ಮಣೆ ಹಾಕಿಕೊಂಡು, ಕಾಲ ನಡುವೆ ಬಕೆಟ್ ಇಟ್ಟುಕೊಂಡು, ಕಾಗದ ಅದ್ದಿ ಅದ್ದಿ ತಿಕ್ಕುತ್ತಿದ್ದರೆ ಒಳಗಿನಿಂದ ಅವರ ಹೆಂಡತಿ ಉಮಾಬಾಯಿ ಕಾಕು ಬಂದು ಬಕೆಟ್ ನೋಡಿದರು.

"ಅಹೋ, ಇದು ಯಾವ ನೀರ್ರಿ?"

"ಬ್ಯಾರಲ್‌ದು."

"ಯಾವ ಬ್ಯಾರಲ್? ನೀಲಿ ಬ್ಯಾರಲ್ ಕುಡ್ಯೂದು. ನಾಳಿದ್ದಿನ ತನಕ ಕಟ್ಯಾರ ತೊಳದ ನೀರ ಕುಡೀರಿ ನೀವು, ನಾ ಮಾಡಿ ಕೊಡ್ತೀನಿ ಚಹಾ ಅದ್ರಾಗ."

ಆರು ದಿನ ಹಿಡಿಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಒಂದು ತಾಸು, ಸಂಜೆ ಒಂದು ತಾಸು. ಒಂದೊಂದು ನಂಬರಿನ ಕಾಗದ ಹಿಂದಿನದರ ಗೀರನ್ನು ಅಳಿಸಿ ತನ್ನ ಗೀರು ಬಿಡುತ್ತದೆ, ಪ್ರತಿ ಸಲ ಇನ್ನಷ್ಟು ಸಣ್ಣದು. ಹಾದು ಹೋಗುವವರೆಲ್ಲ ನಿಂತು ಒಂದು ಮಾತು ಹೇಳುತ್ತಿದ್ದರು. ಒಬ್ಬರು ಕೋಲಾ ಹಾಕಿ ಅಂದರು, ಒಬ್ಬರು ಸೀಮೆಎಣ್ಣೆ ಅಂದರು, ಆಕಾಶನ ಅಪ್ಪ ಮಾತ್ರ ಏನೂ ಹೇಳದೆ ಸುಮ್ಮನೆ ನೋಡಿ ಹೋದರು, ಅದೇ ಎಲ್ಲಕ್ಕಿಂತ ಚುಚ್ಚಿದ್ದು. ಕೊನೆಗೆ ಏಳನೇ ದಿನ ಅಲಗು ಕನ್ನಡಿಯಾಯಿತು. ಕಾಕಾ ಅದರಲ್ಲಿ ತಮ್ಮ ಮೀಸೆ ನೋಡಿಕೊಂಡರು. ಗಲ್ಲಿಯ ನಾಲ್ಕು ಮನೆಗೆ ಒಯ್ದು ತೋರಿಸಿದರು, ಎಲ್ಲರೂ ಕೈಯಲ್ಲಿ ಹಿಡಿದು ನೋಡಿ ಕೊಟ್ಟರು.

ಮರುದಿನ ಬೆಳಿಗ್ಗೆ ಅಲಗಿನ ಮೇಲೆ ಹನ್ನೊಂದು ಬೆರಳಿನ ಗುರುತು. ಹಳದಿ ಹಳದಿ. ಯಾರ್ಯಾರು ಮುಟ್ಟಿದ್ದರೋ ಅವರವರ ಬೆವರು ಅಲ್ಲಲ್ಲೇ ಜಂಗು ಹಿಡಿದಿತ್ತು.

"ಬರಿ ಕಬ್ಬಣ ಹಂಗ ಬಿಟ್ರ ಜಂಗ ಹಿಡ್ಯೂದ ಪಪ್ಪಾ," ಅಂದಳು ಸ್ನೇಹಲ. "ಅದಕ್ಕ ನೀಲಿ ಹಿಡಸಬೇಕು. ಬ್ಲೂಯಿಂಗ್ ಅಂತಾರ. ಒಂದ ದ್ರಾವಣ ಸಿಗತದ, ಹಚ್ಚಿದ್ರ ಲೋಖಂಡದ ಮ್ಯಾಲಿನ ಪದರನ ನೀಲಿ ಕರೀ ಆಗತದ. ಅದು ಪೇಂಟ್ ಅಲ್ಲ. ಅದೂ ಒಂದ ಥರ ಜಂಗ ಅನ್ಕೊಳ್ರಿ, ಆದ್ರ ಛಲೋ ಜಂಗ. ಅದು ಕುಂತ್ರ ಕೆಟ್ಟ ಜಂಗಕ್ಕ ಜಾಗಾ ಇರಾಂಗಿಲ್ಲ."

ಕಾಕಾ ಕೈಯಲ್ಲಿದ್ದ ಪೇಪರ್ ಕೆಳಗಿಟ್ಟರು. "ಎಂಟ ದಿನ ಜಂಗ ತಗದೀನಿ. ಈಗ ಜಂಗ ಹಚ್ಚು ಅಂತಿ."

"ಛಲೋ ಜಂಗ್ರಿ."

"ಫೀ ಕಟ್ಟಿ ಓದ್ಸಾಕತ್ತೀನಿ ನಿನಗ."

ಅದೇ ಹಾರ್ಡ್‌ವೇರ್ ಅಂಗಡಿಗೆ ಹೋಗಿ "ಲೋಖಂಡಕ್ಕ ಹಚ್ಚೋ ನೀಲಿ ಕೊಡು" ಅಂದರು. ಅವನು ಗೇಟಿಗೆ ಬಳಿಯುವ ನೀಲಿ ಬಣ್ಣದ ಡಬ್ಬಿ ಕೊಟ್ಟ. ಈ ಸಲ ಕಾಕಾ ಡಬ್ಬಿಯನ್ನು ಅಲ್ಲೇ ಇಟ್ಟು ಬಂದರು. ಸ್ನೇಹಲ ಫೋನಿನಲ್ಲಿ ಬಾಟಲಿ ತರಿಸಿದಳು. ಬರಲು ನಾಲ್ಕು ದಿನ. ಅದು ಕೈಗೆ ಬಂದಾಗ ಮದುವೆಗೆ ಉಳಿದದ್ದು ಎಂಟು ದಿನ. ಅಷ್ಟರಲ್ಲಿ ಕಾಕಾ ಮತ್ತೆ ಆರುನೂರು, ಸಾವಿರ ನಂಬರಿನಿಂದ ತಿಕ್ಕಿ ಬೆರಳಿನ ಗುರುತು ತೆಗೆದು, ಯಾರೂ ಮುಟ್ಟದ ಹಾಗೆ ಕಟ್ಯಾರವನ್ನು ದೇವರ ಕಟ್ಟೆಯ ಮೇಲಿಟ್ಟಿದ್ದರು.

ಬಾಟಲಿಯ ಚೀಟಿಯಲ್ಲಿ ಮೊದಲ ಮಾತೇ ಇದು: ಲೋಹದ ಮೇಲೆ ಎಣ್ಣೆಯ ಅಂಶ ಒಂದಿಷ್ಟೂ ಇರಬಾರದು. ಕೈಗೆ ಗ್ಲೋವ್ಸ್ ಹಾಕಿಕೊಳ್ಳಬೇಕು, ಅದು ವಿಷ. ಎಣ್ಣೆ ತೆಗೆಯಲು ಸ್ನೇಹಲಳ ನೇಲ್ ಪಾಲಿಶ್ ರಿಮೂವರ್ ತೆಗೆದುಕೊಂಡು ಒರೆಸಿದರು, ದ್ರಾವಣ ಹಚ್ಚಿದರು. ಅಲಗು ಕಪ್ಪಾಗುತ್ತಾ ಬಂತು, ಆದರೆ ಗಜಕರ್ಣ ಎದ್ದ ಹಾಗೆ, ಅಲ್ಲೊಂದು ಮಚ್ಚೆ ಇಲ್ಲೊಂದು ಮಚ್ಚೆ. ಸ್ನೇಹಲ ರಿಮೂವರ್ ಬಾಟಲಿಯನ್ನು ತಿರುಗಿಸಿ ಸಣ್ಣ ಅಕ್ಷರ ಓದಿದಳು. ಉಗುರು ಮೃದುವಾಗಿರಲಿ ಅಂತ ಅದರಲ್ಲಿ ಬಾದಾಮಿ ಎಣ್ಣೆ ಹಾಕಿದ್ದರು.

ಮತ್ತೆ ನಾಲ್ಕುನೂರು. ಮತ್ತೆ ಆರುನೂರು. ಮತ್ತೆ ಸಾವಿರ.

ಮರುದಿನ ಕೆಮಿಕಲ್ ಅಂಗಡಿಯಿಂದ ಶುದ್ಧ ಅಸಿಟೋನ್ ಬಂತು. ಒರೆಸಿ, ಸಾಬೂನಿನಿಂದ ತೊಳೆದು, ಒಣಗಿಸಿ, ಕಟ್ಯಾರವನ್ನು ಸ್ವಚ್ಛ ಬಟ್ಟೆಯ ಮೇಲಿಟ್ಟು ಕಾಕಾ ಗ್ಲೋವ್ಸ್ ತರಲು ಒಳಗೆ ಹೋದರು. ಬಂದು ದ್ರಾವಣ ಹಚ್ಚಿದರು. ಚೆನ್ನಾಗಿ ಹಿಡಿಯಿತು. ಅಲಗಿನ ನಡುವೆ ಮಾತ್ರ ಹೆಬ್ಬೆರಳಿನಷ್ಟು ಅಗಲದ ಒಂದು ಬೆಳ್ಳನೆಯ ಗುಂಡು ಕಲೆ ಉಳಿಯಿತು. ಏನು ಮಾಡಿದರೂ ಹೋಗಲಿಲ್ಲ.

"ಇಲ್ಲಿ ಯಾರ ಮುಟ್ಟ್ಯಾರ?" ಕಾಕಾನ ಧ್ವನಿ ಮೂರು ಮನೆ ಆಚೆ ಕೇಳಿಸಿತು.

ಉಮಾಬಾಯಿ ಕಾಕು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ನಾನ ಮುಟ್ಟೀನಿ. ಶುಕ್ರವಾರ ಅದ. ಮದುವಿ ಕಟ್ಯಾರ ಬೋಳ ಮಾಡಿ ಇಟ್ಟೀರಿ. ಒಂದ ಬೊಟ್ಟ ಅರಿಷಿಣ ಕುಂಕುಮ ಹಚ್ಚಿ, ಕೈ ಮುಗದ, ಒರಸೀನಿ. ಎಣ್ಣಿ ಹಚ್ಚಿದ್ರ ನಿಲ್ಲತದ ಅಂತ ಮೊದ್ಲ ಒಂದ ಹನಿ ಎಣ್ಣಿ."

"ಎಣ್ಣಿ."

"ಒಂದ ಹನಿ ಅಂದ್ನಿ."

ಕಾಕಾ ಗ್ಲೋವ್ಸ್ ಬಿಚ್ಚಿಟ್ಟು ಅಂಗಡಿಗೆ ಹೋದರು. ಅವತ್ತು ಹಗ್ಗ ಕೊಳ್ಳಲು ಬಂದವರೊಡನೆ ಕೂಡ ಸರಿಯಾಗಿ ಮಾತಾಡಲಿಲ್ಲವಂತೆ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಮನೆಯಲ್ಲಿ ಜಗಳವಾಡಿದ್ದನ್ನು ನಾವು ಕೇಳಿಲ್ಲ, ಸುಮ್ಮನಾಗುವುದೇ ಅವರ ಜಗಳ.

ಸಂಜೆ ಬಂದು ಮತ್ತೆ ತಿಕ್ಕಿದರು. ಕಾಕು ತಾವಾಗಿಯೇ ನೀಲಿ ಬ್ಯಾರಲ್ಲಿನ ನೀರು ತುಂಬಿಸಿ ಬಕೆಟ್ ಪಕ್ಕಕ್ಕೆ ಇಟ್ಟು ಹೋದರು. ಅದು ಅವರ ಕ್ಷಮಾಪಣೆ.

ಮೂರನೇ ಸಲ ಗೆದ್ದರು. ಹಚ್ಚುವುದು, ಒಂದು ನಿಮಿಷ ಬಿಡುವುದು, ತೊಳೆಯುವುದು, ನಯವಾದ ಉಕ್ಕಿನ ಎಳೆಯ ಉಂಡೆಯಿಂದ ಹಗುರವಾಗಿ ಉಜ್ಜುವುದು, ಮತ್ತೆ ಹಚ್ಚುವುದು. ಐದು ಸಲ ಆದ ಮೇಲೆ ಅಲಗು ಎಂಥ ಬಣ್ಣಕ್ಕೆ ಬಂತೆಂದರೆ, ನೆರಳಿನಲ್ಲಿ ಕಪ್ಪು, ಬಿಸಿಲಿಗೆ ತಿರುಗಿಸಿದರೆ ನವಿಲಿನ ಕೊರಳು. ಗಲ್ಲಿಯವರು ಒಬ್ಬೊಬ್ಬರಾಗಿ ಬಂದು ನೋಡಿದರು. ಆಕಾಶನ ಅಪ್ಪ "ಇದು ಆ ಕಟ್ಯಾರ ಏನ್ರಿ?" ಅಂದರು.

ಕಾಕಾ ಫೋಟೋ ತೆಗೆದು ತಂಗಿಗೆ ಕಳಿಸಿದರು. ಎರಡು ನಿಮಿಷಕ್ಕೆ ತುಳಜಾಬಾಯಿಯ ಫೋನ್.

"ಅಣ್ಣಾ, ಇದೇನ ಮಾಡಿದಿ? ಮದುವ್ಯಾಗ ಕರೀದ? ರೊಟ್ಟಿ ಹಂಚ ಹಂಗ ಕಾಣಾಕತ್ತದ."

"ಕರಿ ಅಲ್ಲ ತುಳಜಾ, ನೀಲಿ."

"ನನ್ನ ಫೋನಾಗ ಕರಿ ಕಾಣತದ."

"ನಿನ್ನ ಮಗ ಮೊಬೈಲ್ ಅಂಗಡಿ ಇಟ್ಟಾನಲ್ಲ, ಛಲೋ ಫೋನ್ ಕೊಡು ಅನ್ನು ಅವಗ."

ಆಮೇಲೆ ಮಾಳಿಗೆಗೆ ಹೋಗಿ ಬಿಸಿಲಲ್ಲಿ ಕಟ್ಯಾರ ತಿರುಗಿಸಿ ತಿರುಗಿಸಿ ಹದಿನಾಲ್ಕು ಫೋಟೋ ಕಳಿಸಿದರು. ಸೋಮೇಶ ಒಂದು ಹೆಬ್ಬೆರಳಿನ ಚಿತ್ರ ಕಳಿಸಿದ. ಜೊತೆಗೆ ಬರೆದ: ಕ್ರೀಮ್ ಮ್ಯಾಲ ಭಾರಿ ಕಾಣತದ ಮಾಮಾ. ಕಾಕಾ ಆ ಮೆಸೇಜನ್ನು ಅಂಗಡಿಯ ಗಿರಾಕಿಗಳಿಗೆಲ್ಲ ತೋರಿಸಿದರು.

ಮದುವೆಗೆ ನಾಲ್ಕು ದಿನ ಇರುವಾಗ ಕಾಕು ಹೇಳಿದರು, "ಒಮ್ಮೆ ಲಿಂಬಿಕಾಯಿ ಚುಚ್ಚಿ ನೋಡ್ರಿ, ತುದಿ ಮೊಂಡ ಆಗೇದೇನೊ ತಿಕ್ಕಿ ತಿಕ್ಕಿ." ಒಳ್ಳೆಯ ಮಾತು. ಕಾಕಾ ಒಂದು ನಿಂಬೆಹಣ್ಣು ಚುಚ್ಚಿದರು. ಸಲೀಸಾಗಿ ಹೋಯಿತು. ಹಾಗೇ ಇಟ್ಟು ಊಟ ಮಾಡಿ ಒಂದು ನಿದ್ದೆ ತೆಗೆದರು. ಎದ್ದು ಹಣ್ಣು ಕಿತ್ತರು.

ತುದಿಯ ಮೂರು ಬೆರಳು ಉದ್ದ ಬೆಳ್ಳಗಾಗಿತ್ತು. ನೀಲಿ ಹೋಗಿತ್ತು. ರಸ ಇಳಿದ ಕಡೆಯಲ್ಲೆಲ್ಲ ಹಿಡಿಯವರೆಗೆ ಬಿಳಿ ಗೆರೆ.

ಹದಿನಾರು ದಿನ ಮೂರು ಜನ ಸೇರಿ ಯೋಚನೆ ಮಾಡಿದ್ದರು, ಜಂಗಿನ ಬಗ್ಗೆ, ಎಣ್ಣೆಯ ಬಗ್ಗೆ, ಬೆವರಿನ ಬಗ್ಗೆ, ಬಣ್ಣದ ಬಗ್ಗೆ. ಕಟ್ಯಾರ ಇರುವುದೇ ನಿಂಬೆಹಣ್ಣಿಗಾಗಿ ಅನ್ನುವುದು ಒಬ್ಬರಿಗೂ ನೆನಪಾಗಿರಲಿಲ್ಲ. ಸ್ನೇಹಲ ಬಾಟಲಿಯ ಚೀಟಿ ಓದಿದಳು. ಆಮ್ಲ ತಾಗಿದರೆ ಹೋಗುತ್ತದೆ ಅಂತ ಸ್ಪಷ್ಟವಾಗಿ ಬರೆದಿತ್ತು.

"ಮತ್ತ ಇದನ್ನ ಯಾಕ ಓದ್ಲಿಲ್ಲ ನೀನು?"

"ಓದೀನಿ ಪಪ್ಪಾ. ಆಸಿಡ್ ಅಂದ್ರ ಬಾಟಲಿ ಆಸಿಡ್ ಅನ್ಕೊಂಡ್ನಿ. ಲಿಂಬಿಕಾಯಿ ತಲ್ಯಾಗ ಬರ್ಲಿಲ್ಲ."

"ಫಾರ್ಮಸಿ."

"ಪಪ್ಪಾ, ಪ್ಲಾಸ್ಟಿಕ್ ಲಿಂಬಿಕಾಯಿ ಸಿಗತಾವ್ರಿ. ಶೋಕೇಸಿಗೆ ಇಡೂವು. ಯಾರಿಗೂ ತಿಳ್ಯಾಂಗಿಲ್ಲ."

"ದೃಷ್ಟಿಗೆ ತಿಳೀತದ," ಅಂದರು ಕಾಕಾ. "ಪ್ಲಾಸ್ಟಿಕ್ ಹಣ್ಣ ಚುಚ್ಚೂದಾದ್ರ ತಗಡಿನ ತಲವಾರನ ಹಿಡೀಲಿ, ನಾ ಯಾಕ ಬೇಕು."

ಮತ್ತೆ ತುದಿ ತಿಕ್ಕಿದರು, ಮತ್ತೆ ನೀಲಿ ಹಿಡಿಸಿದರು. ಆದರೆ ಇದಕ್ಕೆ ಉತ್ತರ ಸಿಗಲಿಲ್ಲ. ಎಣ್ಣೆ ಹಚ್ಚಿ ಚುಚ್ಚಿದರು, ನೀಲಿ ಹೋಯಿತು. ಮೇಣ ಹಚ್ಚಿದರು, ಚುಚ್ಚುವಾಗ ಹಣ್ಣಿನ ಸಿಪ್ಪೆಗೇ ಮೇಣ ಕೆರೆದು ಹೋಯಿತು. ಮೂರು ದಿನ ಉಳಿಯಿತು. ಸೋಮೇಶನಿಗೆ ಏನೂ ಹೇಳಲಿಲ್ಲ.

ಅವತ್ತು ಅಂಗಡಿಗೆ ತಡವಳ ಊರಿನ ಸಿದ್ರಾಮ ಬಂದ. ಕುರಿ ಸಾಕುವವನು, ಹಟ್ಟಿಗೆ ಬಲೆ ಕಟ್ಟಲು ವರ್ಷಕ್ಕೆ ಎರಡು ಸಲ ಹಗ್ಗ ಒಯ್ಯುತ್ತಾನೆ. ಗಲ್ಲಾದ ಮೇಲೆ ಬೆಳ್ಳಗಾದ ತುದಿಯ ಕಟ್ಯಾರ, ಅದರ ಪಕ್ಕ ನಾಲ್ಕು ನಿಂಬೆಹಣ್ಣು, ಹಿಂದೆ ಕಾಕಾನ ಮುಖ ನೋಡಿ ಅವನೇ ಕೇಳಿದ.

"ಯಾರಿಗೆ ಮಾಟ ಮಾಡಾಕತ್ತೀರಿ ಸಾವ್ಕಾರ?"

ಕಾಕಾ ಕಥೆ ಹೇಳಿದರು. ಪೂರ್ತಿ. ಪೇಪರಿನ ನಂಬರ್ ಸಮೇತ. ಸಿದ್ರಾಮ ಹೆಗಲ ಚೀಲದಿಂದ ತನ್ನ ಉಣ್ಣೆ ಕತ್ತರಿ ತೆಗೆದು ಗಲ್ಲಾದ ಮೇಲಿಟ್ಟ. ಹಳೇ ಕತ್ತರಿ, ಎಲ್ಲೂ ಜಂಗಿಲ್ಲ.

"ಇದು ನಮ್ಮಪ್ಪಂದು. ಮಳ್ಯಾಗ ತೊಯ್ದದ, ಕುರಿ ಉಚ್ಚ್ಯಾಗ ಬಿದ್ದದ. ಏನೂ ಆಗಿಲ್ಲ. ಯಾಕ ಹೇಳ್ರಿ?"

"ನೀನ ಹೇಳು, ನನಗ ಶಕ್ತಿ ಇಲ್ಲ."

"ತೊಳೀದ ಉಣ್ಣ್ಯಾಗ ಜಿಡ್ಡ ಇರತದ್ರಿ. ಕುರಿ ಮೈದು. ಕತ್ತರಸ್ತಾ ಕತ್ತರಸ್ತಾ ಹತ್ತತದ. ನೀರ ನಿಲ್ಲಾಂಗಿಲ್ಲ ಅದ್ರ ಮ್ಯಾಲ. ಕುರಿ ಮಳ್ಯಾಗ ನಿಂತ್ರ ತೊಯ್ಯಾಂಗಿಲ್ಲಲ್ಲ, ಅದ. ನಾಳೆ ಒಂದ ಮುಟಗಿ ತಂದ ಕೊಡ್ತೀನಿ. ತಿಕ್ಕಿ ನೋಡ್ರಿ."

"ಇದನ್ನ ಹದಿನೇಳ ದಿನದ ಹಿಂದ ಯಾಕ ಹೇಳ್ಲಿಲ್ಲ?"

"ಹಗ್ಗ ಮುಗದಿರ್ಲಿಲ್ರಿ ಸಾವ್ಕಾರ."

ಅವತ್ತು ರಾತ್ರಿಯೇ ಕಾಕಾ ತುದಿಗೆ ಇನ್ನೊಮ್ಮೆ ನೀಲಿ ಹಿಡಿಸಿದರು. ಮರುದಿನ ಸಿದ್ರಾಮ ತಂದ ಉಣ್ಣೆಯನ್ನು ಬಿಸಿಲಿಗಿಟ್ಟು, ಮೆತ್ತಗಾದ ಮೇಲೆ ಅಲಗಿಗೆ ಹತ್ತು ಸಲ ಉಜ್ಜಿದರು. ನಿಂಬೆಹಣ್ಣು ಚುಚ್ಚಿ ಮಧ್ಯಾಹ್ನದಿಂದ ಸಂಜೆತನಕ ಬಿಟ್ಟರು. ತೆಗೆದಾಗ ತುದಿಯ ಉಗುರಿನಷ್ಟು ಮಾತ್ರ ಬೆಳ್ಳಗಾಗಿತ್ತು, ಅದು ಹೇಗೂ ಹಣ್ಣಿನೊಳಗೇ ಇರುವ ಭಾಗ. ಕಾಕಾ ಮೊದಲ ಸಲ ನಕ್ಕರು. ಕಾಕು ಮೂಗು ಮುಚ್ಚಿಕೊಂಡರು.

"ಕುರಿ ವಾಸನಿ."

"ಬರ್ಲಿ. ಜಂಗಿಗೆ ವಾಸನಿ ಇರ್ಲಿಲ್ಲ, ಆಗ ಅದೂ ಬ್ಯಾಡ ಅಂದ್ರಿ."

ಅಕ್ಕಲಕೋಟದ ಮಂಗಲ ಕಾರ್ಯಾಲಯದಲ್ಲಿ ಅರಿಶಿನ. ಕಾಕಾ ಹೊಸ ಟೋಪಿ ಹಾಕಿಕೊಂಡು, ಬಿಳಿ ಬಟ್ಟೆ ಬಿಚ್ಚಿ, ಎರಡೂ ಕೈಯಿಂದ ಕಟ್ಯಾರವನ್ನು ಸೋಮೇಶನ ಕೈಗಿಟ್ಟರು. ಭಾಷಣವೂ ಆಯಿತು. ನೆಲಕ್ಕೆ ಇಡಬೇಡ, ಯಾರ ಕಡೆಗೂ ತುದಿ ಮಾಡಬೇಡ. ಸೋಮೇಶ ಹೂಂ ಅಂದು ಮೂಗು ಅರಳಿಸಿದ.

"ಮಾಮಾ, ಏನೋ ವಾಸನಿ ಬರಾಕತ್ತದ."

"ಮಂಡಪದ್ದು."

ಸೋಮೇಶನ ಗೆಳೆಯ ಅವಿನಾಶ ಹತ್ತಿರ ಬಂದು ಮೂಸಿ ನೋಡಿ "ಮ್ಯಾ" ಅಂದ. ಅಲ್ಲಿಂದ ಶುರುವಾಯಿತು. ಎರಡು ದಿನ ಗೆಳೆಯರೆಲ್ಲ ನವರಾನ ಹಿಂದೆ ಮ್ಯಾ ಮ್ಯಾ ಅನ್ನುತ್ತ ತಿರುಗಿದರು. ಅವರ ಹಿಂದೆ ಕಾಕಾ, ಜೇಬಿನಲ್ಲಿ ಒಂದು ಬಟ್ಟೆ, ಒಂದು ಹಿಡಿ ಉಣ್ಣೆ, ಮೂರು ನಿಂಬೆಹಣ್ಣು. ತಾಸಿಗೊಮ್ಮೆ "ಸೋಮೇಶಾ, ಇಲ್ಲಿ ತಾ ಒಂದ ನಿಮಿಷ" ಅಂದು ಅವನ ಕೈಯಲ್ಲಿರುವಾಗಲೇ ಅಲಗು ಒರೆಸುತ್ತಿದ್ದರು. ಫೋಟೋದವನಿಗೆ ಸಾಕಾಗಿ ಹೋಗಿತ್ತು. ಯಾವ ಫೋಟೋ ನೋಡಿದರೂ ನವರಾನ ಸೊಂಟದ ಹತ್ತಿರ ಬಗ್ಗಿರುವ ಒಂದು ಟೋಪಿ.

ಮದುವೆಯ ದಿನ ಸೋಮೇಶ ಕ್ರೀಮ್ ಶೇರವಾನಿ ಹಾಕಿಕೊಂಡು ಬಂದ. ತುಳಜಾಬಾಯಿ ಮಗನ ಕಾಲರ್ ಎಳೆದು, ಸೊಂಟ ಸರಿ ಮಾಡಿ, ದೃಷ್ಟಿ ತೆಗೆದರು. ಅಕ್ಷತೆಗೆ ಕಾಲು ತಾಸು ಇತ್ತು. ವೇದಿಕೆ ಹತ್ತುವ ಮೆಟ್ಟಿಲ ಹತ್ತಿರ ಅವಿನಾಶ ಸುಮ್ಮನೆ ನಿಂತುಬಿಟ್ಟ.

"ಸೋಮ್ಯಾ, ಸೊಂಟ ನೋಡ್ಕೊ."

ಎಡಗಡೆ, ಕಟ್ಯಾರ ತಾಗುವ ಜಾಗದಲ್ಲೇ, ಎರಡು ಬೆರಳು ಅಗಲದ ಹಳದಿ ಕಂದು ಕಲೆ.

ಸೋಮೇಶ ಕಲೆ ನೋಡಿದ, ಮಾಮಾನ ಮುಖ ನೋಡಿದ. ಕೂಗಾಡಲಿಲ್ಲ. ಕೂಗಾಡಿದ್ದರೆ ಕಾಕಾಗೆ ಅಷ್ಟು ನೋವಾಗುತ್ತಿರಲಿಲ್ಲ ಅನಿಸುತ್ತದೆ.

"ನಾ ಹೇಳಿದ್ನಿ ಮಾಮಾ," ಅಂದ. "ಒಂದ ಮಾತ ಹೇಳಿದ್ನಿ." ಕಟ್ಯಾರವನ್ನು ಪಕ್ಕದ ಕುರ್ಚಿಯ ಮೇಲಿಟ್ಟ.

ಅಕ್ಷತೆಗೆ ಮುಂಚೆ ನವರಾನ ಕೈ ಖಾಲಿ. ಅವಿನಾಶ ಆಗಲೇ ಕೋಣೆಯಿಂದ ಬಂಗಾರದ ಬಣ್ಣದ ತಲವಾರ ತಂದಿದ್ದ, ಕೆಂಪು ಮಖಮಲ್ಲಿನ ಒರೆಯ ಸಮೇತ.

"ಅದು ಜಂಗ ಅಲ್ಲ," ಅಂದರು ಕಾಕಾ.

"ಮತ್ತೇನ್ರಿ ಮಾಮಾ?"

"ಇಪ್ಪತ್ತ ದಿನ ಜಂಗ ನೋಡೀನಿ ನಾನು. ಜಂಗ ಹಿಂಗ ಇರಾಂಗಿಲ್ಲ."

ಯಾರೂ ನಂಬಲಿಲ್ಲ. ಕಾಕಾ ಅತ್ತಿತ್ತ ನೋಡಿದರು. ಮುಂದಿನ ಸಾಲಿನ ಕುರ್ಚಿಯಲ್ಲಿ ಸೋಮೇಶನ ಅಜ್ಜಿ, ಅವನ ಅಪ್ಪನ ತಾಯಿ ಸಕ್ಕುಬಾಯಿ, ಎಲೆ ಅಡಿಕೆಯ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಕಾಕಾ ಹೋಗಿ ಡಬ್ಬಿಯಿಂದ ಸುಣ್ಣವನ್ನು ಬೆರಳ ತುದಿಗೆ ತೆಗೆದುಕೊಂಡು ಬಂದು, ಯಾರಾದರೂ ತಡೆಯುವ ಮುಂಚೆ ಕಲೆಯ ಮೇಲೆ ಒತ್ತಿದರು.

ಕಲೆ ಕೆಂಪಾಯಿತು. ಕುಂಕುಮದ ಹಾಗೆ, ಎಲ್ಲರ ಕಣ್ಣೆದುರೇ.

"ನೋಡ್ರಿ. ಜಂಗ ಇದ್ರ ಕೆಂಪ ಆಗತಿತ್ತೇನ? ಅರಿಷಿಣ ಅದು. ಸುಣ್ಣ ಹತ್ತಿದ್ರ ಅರಿಷಿಣನ ಕೆಂಪ ಆಗೂದು. ಇನ್ನ ಹುಡುಕ್ರಿ ಯಾರ ಕೈದು ಅಂತ. ಕಟ್ಯಾರದ ತಂಟೆಕ ಬರಬ್ಯಾಡ್ರಿ."

ಹುಡುಕಬೇಕಾಗಿರಲಿಲ್ಲ. ತುಳಜಾಬಾಯಿ ಎರಡೂ ಕೈಯನ್ನು ಸೆರಗಿನೊಳಗೆ ಒಯ್ದುಕೊಂಡಿದ್ದರು. ಎರಡು ದಿನದಿಂದ ಬಂದವರಿಗೆಲ್ಲ ಅರಿಶಿನ ಹಚ್ಚಿ ಹಚ್ಚಿ ಅವರ ಅಂಗೈ ಹೊಂಬಣ್ಣವಾಗಿತ್ತು.

"ತೊಳ್ಕೊಂಡೀನೋ ಅಣ್ಣಾ," ಅಂದರು ಸಣ್ಣಗೆ. "ಮೂರ ಸಲ ತೊಳ್ಕೊಂಡೀನಿ."

ಸೋಮೇಶ ತಾಯಿಯ ಸೆರಗು ನೋಡಿದ, ತನ್ನ ಸೊಂಟ ನೋಡಿಕೊಂಡ.

"ಮಾಮಾ, ಖರೇ ಅದ. ಜಂಗ ಅಲ್ಲ. ಆದ್ರ ಮೊದ್ಲ ಹಳದಿ ಇತ್ತು, ದೂರದಿಂದ ಕಾಣತಿರ್ಲಿಲ್ಲ. ಈಗ ಕೆಂಪ ಮಾಡಿದ್ರಿ. ಈಗ ನಾ ಏನ ಮಾಡ್ಲಿ?"

ಕಾಕಾಗೆ ಅದು ಆಗ ಹೊಳೆಯಿತು. ಸುಣ್ಣದ ಬೆರಳನ್ನು ಎತ್ತಿ ಹಿಡಿದುಕೊಂಡು ಹಾಗೇ ನಿಂತರು. ಸಕ್ಕುಬಾಯಿ ಕುರ್ಚಿಯಿಂದ, "ಎಲಿ ಅಡಿಕಿ ಉಗಳಿದಂಗ ಕಾಣತದ," ಅಂದರು, ಯಾರೂ ಕೇಳದಿದ್ದರೂ. ಅವಿನಾಶನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಸೋಮೇಶನಿಗೂ ಆಗಲಿಲ್ಲ. ಉಮಾಬಾಯಿ ಕಾಕು ಮಾತ್ರ ನಗದೆ ಮುಂದೆ ಬಂದು, ಅವನ ಹೆಗಲ ಶಲ್ಯವನ್ನು ಇಳಿಸಿ ಸೊಂಟಕ್ಕೆ ಸುತ್ತಿ, ಕಲೆಯ ಮೇಲೆ ಬರುವ ಹಾಗೆ ಗಂಟು ಹಾಕಿದರು.

"ಈಗ ಇದರಾಗ ಸಿಗಸ್ಕೊ," ಅಂದರು.

ಸೋಮೇಶ ಕುರ್ಚಿಯ ಕಡೆಗೆ ಕೈ ಚಾಚಿದ. ಕಾಕಾ ತಡೆದರು. ಕಟ್ಯಾರವನ್ನು ತಾವೇ ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಇನ್ನೊಮ್ಮೆ ಕೊಟ್ಟರು. ಈ ಸಲ ಭಾಷಣ ಮಾಡಲಿಲ್ಲ. ಸೋಮೇಶ ತೆಗೆದುಕೊಂಡು ವೇದಿಕೆ ಹತ್ತಿದ. ಅವಿನಾಶ ತಲವಾರವನ್ನು ಒರೆಯ ಸಮೇತ ಎಲ್ಲಿಡಬೇಕೋ ತಿಳಿಯದೆ ಸಕ್ಕುಬಾಯಿಯ ಕುರ್ಚಿಗೆ ಒರಗಿಸಿದ.

ಅಕ್ಷತೆ ಬಿತ್ತು. ನಾಲ್ಕೂ ಕಡೆಯಿಂದ ಹಳದಿ ಅಕ್ಕಿ, ಪೇಟಾದ ಮೇಲೆ, ಹೆಗಲ ಮೇಲೆ. ಅಲಗಿನ ಮೇಲೂ ಬಿದ್ದವು, ಬಿದ್ದವು ಉದುರಲಿಲ್ಲ. ಕುರಿಯ ಜಿಡ್ಡಿಗೆ ಅಂಟಿಕೊಂಡವು. ನೋಡನೋಡುತ್ತ ಆ ನೀಲಿ ಅಲಗಿನ ತುಂಬ ಕಾಳು. ಕೆಳಗೆ ನಿಂತಿದ್ದ ಕಾಕಾನ ಕೈ ತಾನಾಗಿಯೇ ಜೇಬಿನ ಬಟ್ಟೆಗೆ ಹೋಯಿತು, ಒಂದು ಕಾಲು ಮೆಟ್ಟಿಲ ಮೇಲೂ ಹೋಯಿತು. ಉಮಾಬಾಯಿ ಕಾಕು ಅವರ ಮುಂಗೈ ಹಿಡಿದರು.

"ಇರ್ಲಿ ಬಿಡ್ರಿ," ಅಂದರು. "ಅಕ್ಷತಾ ಒರಸ್ತಾರ ಏನು."